ಗಿಳಿ ಬ್ರಶ್ಶು ಮತ್ತು ಒಂದು ದವಡೆ ಹಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬ್ಯಾಡಗಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಇಲ್ಲವೆಂದು ನಾನೂ ಎಂದೂ ವಾದಿಸಿಲ್ಲ. ಆದರೆ ಏಳು ವರ್ಷದ ನನ್ನ ಮಗಳಿಗೆ ಹಲ್ಲುಜ್ಜಿಸುವ ಕೆಲಸವನ್ನು ಒಂದು ವಾರ ಯಾರಾದರೂ ಮಾಡಿ ನೋಡಲಿ, ಆಮೇಲೆ ನನ್ನ ಸಿಟ್ಟಿನ ಮಾತು ಆಡಲಿ. ಸಂತನಂಥವನೂ ಕೈಯಲ್ಲಿದ್ದ ಚೊಂಬು ಎತ್ತಿ ಒಗೆದಾನು. ಬ್ರಶ್ಶನ್ನು ನಳದ ಕೆಳಗೆ ಹಿಡಿದು ಒದ್ದೆ ಮಾಡಿ ಹಾಗೇ ಇಟ್ಟುಬಿಡುವುದು, ತುಟಿಗೆ ಮಾತ್ರ ಪೇಸ್ಟು ಸವರಿಕೊಂಡು ಬಂದು ‘ವಾಸನಿ ನೋಡು’ ಎಂದು ಮುಖ ಮುಂದೆ ಒಡ್ಡುವುದು, ಬಚ್ಚಲ ಬಾಗಿಲು ಹಾಕಿಕೊಂಡು ನೀರು ಬಿಟ್ಟು ಸುಮ್ಮನೆ ನಿಲ್ಲುವುದು, ಎಲ್ಲ ವಿದ್ಯೆಯೂ ಅವಳಿಗೆ ಬರುತ್ತಿತ್ತು. ಕೇಳಿದರೆ ಪೇಸ್ಟು ಚೆನ್ನಾಗಿಲ್ಲ, ಪೇಸ್ಟು ಬದಲಿಸಿದರೆ ಬ್ರಶ್ಶು ಚುಚ್ಚುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮನೆಯಲ್ಲಿ ನಾವು ನಾಲ್ಕೇ ಜನ. ನಮ್ಮ ಮನೆಯವರದು ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ. ರೈತರು ತಂದ ಚೀಲ ಬಿಚ್ಚಿ, ಹಿಡಿ ತುಂಬ ಕಾಯಿ ಎತ್ತಿ, ಮುರಿದು, ಮೂಸಿ, ಬಣ್ಣ ನೋಡುವುದರಲ್ಲೇ ಅವರ ಹಗಲು ಕಳೆಯುತ್ತದೆ. ಅತ್ತೆ ತೀರಿಕೊಂಡ ಮೇಲೆ ಮಾವನವರು ಕದರಮಂಡಲಗಿಯ ಹೊಲವನ್ನು ಪಾಲಿಗೆ ಕೊಟ್ಟು ನಮ್ಮ ಜೊತೆ ಬಂದು ಇದ್ದಾರೆ. ಅವರ ಬಾಯಲ್ಲಿ ಸ್ವಂತದ್ದು ಅನ್ನುವ ಹಲ್ಲು ಒಂದೂ ಇಲ್ಲ. ಮೇಲಕ್ಕೊಂದು, ಕೆಳಕ್ಕೊಂದು ಕಟ್ಟಿಸಿದ ಸೆಟ್ಟು. ಅದೂ ಬಿಗಿಯಾಗಿ ಕೂರುವುದಿಲ್ಲ. ಮಾತಿನ ನಡುವೆ ಒಮ್ಮೊಮ್ಮೆ ಟಕ್ ಅನ್ನುತ್ತದೆ. ಅಜ್ಜನ ಬಾಯಿಂದ ಹಲ್ಲು ಹೊರಗೆ ಬರುವುದೆಂದರೆ ನನ್ನ ಮಗಳಿಗೆ ಜಗತ್ತಿನ ಎಂಟನೆಯ ಅದ್ಭುತ. ಅಜ್ಜ ಮೊಮ್ಮಗಳ ದೋಸ್ತಿ ಎಂಥದ್ದೆಂದರೆ, ಒಬ್ಬರಿಗೆ ಬೈದರೆ ಇನ್ನೊಬ್ಬರು ಊಟ ಬಿಡುತ್ತಿದ್ದರು.

ದೀಪಾವಳಿ ಹೊತ್ತಿಗೆ ಮಗಳು ಎಲ್ಲವನ್ನೂ ಎಡಗಡೆ ಮಾತ್ರ ಅಗಿಯುವುದು ನನ್ನ ಕಣ್ಣಿಗೆ ಬಿತ್ತು. ಹಾಲುಹಲ್ಲು, ಬಿದ್ದುಹೋಗುತ್ತದೆ ಬಿಡು ಎಂದು ಎಲ್ಲರೂ ಅಂದರು. ಸಂಕ್ರಾಂತಿ ಮುಗಿಸಿಕೊಂಡು ರಾಣೆಬೆನ್ನೂರಿಗೆ ತವರಿಗೆ ಹೋದಾಗ ನಾನೇ ಅವಳನ್ನು ಒಬ್ಬ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಕನ್ನಡಿ ಇಟ್ಟು ನೋಡಿ, ಮುಂದಿನವು ಹಾಲುಹಲ್ಲು ನಿಜ, ಬಲಗಡೆ ಕೆಳಗೆ ಎಲ್ಲಕ್ಕಿಂತ ಹಿಂದೆ ಇರುವುದು ಮಾತ್ರ ಹಾಲುಹಲ್ಲಲ್ಲ ಎಂದರು. ಆರು ವರ್ಷಕ್ಕೆ ಸದ್ದಿಲ್ಲದೆ ಬಂದು ಕೂರುವ ದವಡೆ ಹಲ್ಲಂತೆ, ಮತ್ತೆ ಹುಟ್ಟುವುದಿಲ್ಲವಂತೆ. ಅದರ ಮೇಲೆ ಆಗಲೇ ಹುಳುಕಿನ ಕಲೆ ಬಿದ್ದಿತ್ತು, ಒಸಡೂ ಬಾತಿತ್ತು. ಆ ದಿನ ಮಗಳು ಬಾಯಿ ಮುಟ್ಟಗೊಡದೆ ಕುರ್ಚಿಯಲ್ಲಿ ಮಾಡಿದ ರಂಪಾಟಕ್ಕೆ ಡಾಕ್ಟರಮ್ಮನೇ ಕೈ ಚೆಲ್ಲಿದರು. ದಿನಾ ಎರಡು ಹೊತ್ತು ಸರಿಯಾಗಿ ಉಜ್ಜಿಸಿ ಯುಗಾದಿಗೆ ಮೊದಲು ಕರೆತನ್ನಿ, ಒಸಡು ಇಳಿದು ಕಲೆ ಅಷ್ಟಕ್ಕೇ ನಿಂತಿದ್ದರೆ ಸಿಮೆಂಟು ತುಂಬಿ ಉಳಿಸೋಣ, ಒಳಗೆ ಇಳಿದಿದ್ದರೆ ಹಲ್ಲು ಹೋದ ಹಾಗೇ ಎಂದರು.

ಅದೇ ಹಲ್ಲು, ಅದೇ ಬಲಗಡೆಯದು, ನನಗೂ ಇಲ್ಲ. ನಾನು ಶಾಲೆಗೆ ಹೋಗುವಾಗಲೇ ಅದನ್ನು ಕೀಳಿಸಿದ್ದರು. ಅವತ್ತಿನಿಂದ ಒಂದೇ ಕಡೆ ಅಗಿದು ಅಗಿದು ನನಗೆ ಅದೇ ರೂಢಿಯಾಗಿ ಹೋಗಿದೆ. ಆ ಖಾಲಿ ಜಾಗ ನನ್ನ ಮಗಳ ಬಾಯಿಗೆ ಬರಬಾರದು ಎಂದು ಬಸ್ಸಿನಲ್ಲಿ ಕುಳಿತೇ ನಾನು ಹಟ ಹಿಡಿದೆ.

ಮನೆಯವರಿಗೆ ಹೇಳಿದೆ. ಅವರು ಹೊಸ ಯಂತ್ರವೆಂದರೆ ಪ್ರಾಣ ಬಿಡುವ ಮನುಷ್ಯ. ನನ್ನ ಮಾತು ಮುಗಿಯುವುದರೊಳಗೆ ಮೊಬೈಲ್ ತೆಗೆದು ಮಕ್ಕಳ ಸ್ಮಾರ್ಟ್ ಬ್ರಶ್ಶು ಎಂದು ಹುಡುಕಿ ತರಿಸಿಯೇ ಬಿಟ್ಟರು. ಗುಲಾಬಿ ಬಣ್ಣದ್ದು. ಗುಂಡಿ ಒತ್ತಿದರೆ ಜೀರುಂಡೆಯಂತೆ ಗುಂಯ್ ಅನ್ನುತ್ತದೆ. ಮೊಬೈಲಿಗೆ ಜೋಡಿಸಿದರೆ ಪರದೆಯ ಮೇಲೆ ಒಂದು ಗಿಳಿ ಬರುತ್ತದೆ. ಉಜ್ಜುತ್ತಿದ್ದರೆ ಗಿಳಿ ಮರದಿಂದ ಮರಕ್ಕೆ ಹಾರುತ್ತದೆ, ನಿಲ್ಲಿಸಿದರೆ ಕೊಂಬೆಯ ಮೇಲೆ ಕುಳಿತು ಮುಖ ತಿರುಗಿಸಿಕೊಳ್ಳುತ್ತದೆ. ಈಗ ಎಡಗಡೆ ಮೇಲೆ, ಈಗ ಬಲಗಡೆ ಕೆಳಗೆ ಎಂದು ತೋರಿಸುತ್ತದೆ. ಕೊನೆಗೆ ಬಾಯಿಯ ಚಿತ್ರ ಬರುತ್ತದೆ. ಬ್ರಶ್ಶು ಆಡಿದ ಕಡೆ ಬೆಳಕು, ಆಡದ ಕಡೆ ಕತ್ತಲು. ಪೂರ್ತಿ ಬೆಳಗಿದರೆ ಐದು ನಕ್ಷತ್ರ ಮತ್ತು ಗಂಟೆಯ ಸದ್ದು. ನಿಜ ಹೇಳುತ್ತೇನೆ, ನನಗೇ ಆಸೆಯಾಯಿತು.

ಬ್ರಶ್ಶಿನ ಜೊತೆಗೆ ಬಂದ ಪುಸ್ತಿಕೆಯನ್ನು ಮನೆಯವರು ಎರಡು ದಿನ ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದಿದರು. ಮದುವೆಯ ಲಗ್ನಪತ್ರಿಕೆಯನ್ನೂ ಅವರು ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ. ದಿನಕ್ಕೊಮ್ಮೆ ಬ್ರಶ್ಶಿನ ಎಳೆಗಳನ್ನು ನೀರಿನಲ್ಲಿ ಬೆರಳಿಂದ ಚೆನ್ನಾಗಿ ತಿಕ್ಕಿ ತೊಳೆಯಬೇಕು ಎಂದು ಅದರಲ್ಲಿತ್ತಂತೆ. ಆ ಸೇವೆ ತಮ್ಮದೇ, ಬೇರೆ ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ದಿನಾ ಸಂಜೆ ಅಂಗಡಿಯಿಂದ ಬಂದವರೇ ಚಹಾ ಕೂಡ ಕುಡಿಯದೆ ನಳದ ಹತ್ತಿರ ಹೋಗಿ, ಹೆಬ್ಬೆರಳಿನಿಂದ ಆ ಪುಟ್ಟ ಬ್ರಶ್ಶನ್ನು ತಿಕ್ಕಿ ತಿಕ್ಕಿ ತೊಳೆದು ಸ್ಟ್ಯಾಂಡಿಗೆ ನಿಲ್ಲಿಸುತ್ತಿದ್ದರು. ನಾನು ಮೆಚ್ಚಿಕೊಂಡೆ. ಇಷ್ಟು ವರ್ಷದಲ್ಲಿ ಅವರು ತಾವು ಉಂಡ ತಾಟು ತೊಳೆದದ್ದನ್ನು ನಾನು ಕಂಡಿರಲಿಲ್ಲ.

ಮೊದಲೆರಡು ದಿನ ಮಗಳು ಕುಣಿಕುಣಿದು ಉಜ್ಜಿದಳು. ಆಮೇಲೆ ಹೊಸ ರಾಗ ಶುರುವಾಯಿತು. ಬ್ರಶ್ಶು ಖಾರ ಅಂತ. ಪೇಸ್ಟು ಖಾರವೇ ಎಂದರೆ, ಅಲ್ಲ, ಬ್ರಶ್ಶೇ ಖಾರ. ಬಾಯಿ ಉರಿಯುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡು ಅರ್ಧಕ್ಕೇ ಬಿಡುವಳು. ಗಿಳಿ ಕೊಂಬೆಯ ಮೇಲೆ ಮುಖ ತಿರುಗಿಸಿಕೊಂಡು ಕೂರುವುದು. ನನಗೆ ರೇಗಿ ಹೋಯಿತು. ಬ್ರಶ್ಶಿಗೆಲ್ಲಿಂದ ಖಾರ ಬರಬೇಕು, ಅದೇನು ಗಿಡದಲ್ಲಿ ಬಿಟ್ಟಿದೆಯೇ ಎಂದು ಬೈದೆ. ಮನೆಯವರು ತಮ್ಮ ಬುದ್ಧಿ ಓಡಿಸಿ, ಗಿಳಿ ನೋಡು, ಮೆಣಸಿನಕಾಯಿಯನ್ನೇ ಕಚ್ಚಿ ತಿನ್ನುತ್ತದೆ, ಅದಕ್ಕೆ ಖಾರವೇ ಹತ್ತುವುದಿಲ್ಲ ಎಂದು ಮಗಳನ್ನು ಹುರಿದುಂಬಿಸಲು ಹೋದರು. ಅದಕ್ಕೆ ಹಲ್ಲೇ ಇಲ್ಲವಲ್ಲ, ಅದಕ್ಕೇನು ಗೊತ್ತು ಎಂದು ಅವಳು ಒಂದೇ ಮಾತಿನಲ್ಲಿ ಅಪ್ಪನ ಬಾಯಿ ಮುಚ್ಚಿಸಿದಳು.

ಇದಾಗಿ ವಾರದೊಳಗೆ ಇದ್ದಕ್ಕಿದ್ದಂತೆ ಎಲ್ಲ ಸರಿಯಾಯಿತು. ಬೆಳಿಗ್ಗೆ ನಾನು ಒಲೆಯ ಮುಂದಿರುವಾಗಲೇ ಬಚ್ಚಲಿನಿಂದ ಗುಂಯ್ ಸದ್ದು, ಹಿಂದೆಯೇ ಗಂಟೆ. ಐದು ನಕ್ಷತ್ರ. ಸಂಜೆಯೂ ಐದು. ಅತ್ತಿಲ್ಲ, ಕರೆದಿಲ್ಲ. ಅಜ್ಜ ಜೊತೆಯಲ್ಲಿ ನಿಂತು ಉಜ್ಜಿಸುತ್ತಾರೆ ಎಂದು ಮಗಳು ಹೇಳಿದಳು. ಮಾವನವರ ಬಗ್ಗೆ ನನಗೆ ಉಕ್ಕಿದ ಗೌರವ ಅಷ್ಟಿಷ್ಟಲ್ಲ. ನಕ್ಷತ್ರಗಳ ಚಿತ್ರವನ್ನು ತವರಿನ ಗ್ರೂಪಿಗೆ ಹಾಕಿದೆ. ನನ್ನ ಅಕ್ಕ ನಂಬದೆ ಫೋನ್ ಮಾಡಿದಾಗ, ಮಕ್ಕಳನ್ನು ಬೆಳೆಸುವ ಕ್ರಮ ಬೇಕು ಎಂದು ಅವಳಿಗೇ ನಾಲ್ಕು ಬುದ್ಧಿಮಾತು ಹೇಳಿದೆ. ಮನೆಯವರು ಮಾರ್ಕೆಟ್ಟಿನಲ್ಲಿ ಕಾಯಿಯ ಚೀಲಗಳ ನಡುವೆ ನಿಂತು ಮಗಳ ಬಾಯಿಯ ನಕ್ಷೆಯನ್ನು ಕಂಡ ಕಂಡವರಿಗೆ ತೋರಿಸುತ್ತಿದ್ದರು. ಖುಷಿಗೆ ನಾನು ಒಂದಿನ ಶೇಂಗಾ ಹೋಳಿಗೆ ಕೂಡ ಮಾಡಿದೆ. ಹಲ್ಲು ಚೆನ್ನಾಗಿದೆಯೆಂದು ಬೆಲ್ಲ ತಿನ್ನಿಸಿದ ಜಾಣೆ ನಾನೊಬ್ಬಳೇ ಇರಬೇಕು.

ಶಿವರಾತ್ರಿಯ ಹಿಂದುಮುಂದಿನ ಒಂದು ಗುರುವಾರ. ಗುರುವಾರವೆಂದರೆ ಮಾರ್ಕೆಟ್ಟಿನ ದಿನ, ಮನೆಯವರು ನಸುಕಿನಲ್ಲೇ ಹೋಗಿದ್ದರು. ನಾನು ನಾಷ್ಟಾದ ಸೂಸಲಕ್ಕೆ ಮಂಡಕ್ಕಿ ನೆನೆಸಿ ಹಿಂಡಿಟ್ಟು, ಕೊತ್ತಂಬರಿ ತರಲೆಂದು ಹಿತ್ತಲಿಗೆ ಹೋದೆ. ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾವನವರು ಕೂತಿದ್ದಾರೆ. ಬಾಯಿ ಬೋಳು. ಎಡಗೈಯಲ್ಲಿ ಹಲ್ಲಿನ ಸೆಟ್ಟು, ಬಲಗೈಯಲ್ಲಿ ಗುಂಯ್ ಅನ್ನುವ ಗುಲಾಬಿ ಬ್ರಶ್ಶು. ಎದುರಿಗೆ ಮಗಳು ನನ್ನ ಮೊಬೈಲ್ ಹಿಡಿದುಕೊಂಡು ಕಂಡಕ್ಟರಿನ ಹಾಗೆ ಹುಕುಂ ಕೊಡುತ್ತಿದ್ದಾಳೆ. ಅಜ್ಜಾ ಈಗ ಎಡಗಡಿ ಮ್ಯಾಲ. ಅಜ್ಜಾ ಈಗ ಕೆಳಗಿಂದು ತಗೋ. ಮಾವನವರು ಗಿಳಿ ಹೇಳಿದ ಮಾತು ಒಂದೂ ಮೀರದೆ, ಮೇಲಿನ ಸೆಟ್ಟು ಇಟ್ಟು ಕೆಳಗಿನದು ಎತ್ತಿ, ಮಣಿಕಟ್ಟು ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದಾರೆ. ಯಾರ ಬಾಯಿ ಅಂತ ಗಿಳಿಗೇನು ಗೊತ್ತು, ಅದು ಮರದಿಂದ ಮರಕ್ಕೆ ಹಾರಿದ್ದೇ ಹಾರಿದ್ದು. ಗಂಟೆ ಬಾರಿಸಿತು. ಐದು ನಕ್ಷತ್ರ.

ನನಗೆ ಎಲ್ಲಿತ್ತೋ ಸಿಟ್ಟು. ಹಿರಿಯರು ಎನ್ನುವುದನ್ನೂ ನೋಡದೆ ಕೂಗಾಡಿದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಊರಿಗೆಲ್ಲ ಡಂಗುರ ಹೊಡೆದ ನಕ್ಷತ್ರಗಳು ಮಾವನವರ ಕಟ್ಟಿಸಿದ ಹಲ್ಲಿನವು, ಯುಗಾದಿ ಬಾಗಿಲಿಗೆ ಬಂದಿದೆ, ನನ್ನ ಮಗಳ ಹಲ್ಲಿಗೆ ಇಷ್ಟು ದಿನ ಬ್ರಶ್ಶೇ ಮುಟ್ಟಿಲ್ಲ. ಇದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಸಿಟ್ಟಿನ ಹಿಂದೆ ಅಳುವೂ ಬಂತು. ಅಳು ಕಂಡ ಮೇಲೆ ಮಗಳು ಅಜ್ಜನ ಹಿಂದೆ ಸರಿದಳು. ಮಾವನವರು ಸೆಟ್ಟನ್ನು ಬಾಯಿಗೆ ಹಾಕಿಕೊಂಡು, ಅದು ಕೂರುವವರೆಗೆ ಕಾದು, ನಿಧಾನವಾಗಿ ಮಾತಾಡಿದರು.

“ಸುಳ್ಳ ಮಾಡಿದಾಂವ ನಾನವ್ವಾ, ಅದು ಖರೇ. ಆದ್ರ ಕೂಸು ಸುಳ್ಳ ಹೇಳಿಲ್ಲ. ಖಾರ ಅಂತ ಅಳತಿತ್ತು, ನೀವಿಬ್ಬರೂ ಕೇಳಲಿಲ್ಲ. ನಾ ಕೇಳೇನಿ. ಈ ಬ್ರಶ್ಶಿಲೆ ತಿಕ್ಕಿದ ಸೆಟ್ಟು ಹಾಕ್ಕೊಂಡ್ರ ನನ್ನ ವಸಡೂ ಉರೀತಾವ.”

ಅಜ್ಜ ಮೊಮ್ಮಗಳು ಕೂಡಿ ಆಡುವ ನಾಟಕಕ್ಕೆ ನಾನು ಬಗ್ಗುವವಳಲ್ಲ. ಡಬ್ಬಿಯಲ್ಲಿ ಬ್ರಶ್ಶಿನ ಹೊಸ ತಲೆ ಎರಡು ಇದ್ದವು. ಹಳೆಯದನ್ನು ಕಿತ್ತು ಒಗೆದು ಹೊಸದೊಂದನ್ನು ಸಿಕ್ಕಿಸಿದೆ. ನಾಲಿಗೆಗೆ ಹಚ್ಚಿ ನೋಡಿದೆ, ಸಪ್ಪಗಿತ್ತು. ಇನ್ನು ಸಂಜೆಯವರೆಗೆ ಇದನ್ನು ಯಾರೂ ಮುಟ್ಟಕೂಡದು ಎಂದು ಹೇಳಿ ಸ್ಟ್ಯಾಂಡಿಗೆ ನಿಲ್ಲಿಸಿದೆ.

ದೀಪ ಹಚ್ಚುವ ಹೊತ್ತಿಗೆ ಮನೆಯವರು ಬಂದರು. ಅಂಗಿಯ ತೋಳಿನವರೆಗೆ ಕೆಂಪು ಧೂಳು. ಎಂದಿನಂತೆ ಸೀದಾ ನಳಕ್ಕೆ ಹೋಗಿ, ಕೈಗೆ ಒಂದಿಷ್ಟು ನೀರು ಹಾಕಿಕೊಂಡಂತೆ ಮಾಡಿ, ಬ್ರಶ್ಶು ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕತೊಡಗಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಹೆಬ್ಬೆರಳು ನೋಡುತ್ತಲೇ ನನಗೆ ಅರ್ಧ ಅರ್ಥವಾಯಿತು. ಉಗುರಿನ ಸಂದಿಯಲ್ಲಿ ಮೆಣಸಿನಕಾಯಿಯ ಕೆಂಪು ಗೆರೆ ಕಟ್ಟಿತ್ತು. ತೊಳೆದು ಮುಗಿಸಿದ ಮೇಲೆ ಬ್ರಶ್ಶು ಇಸಿದುಕೊಂಡು ಬಾಯಿಗೆ ಹಾಕಿಕೊಂಡು, ಹಿಂದಿನ ಒಸಡಿಗೆ ಒತ್ತಿ ಉಜ್ಜಿದೆ. ಮೊದಲು ಚುರುಚುರು ಎಂದಿತು. ಆಮೇಲೆ ಕಿವಿಯವರೆಗೆ ಉರಿ ಏರಿ ಕಣ್ಣಲ್ಲಿ ನೀರು ದಳದಳ ಇಳಿಯಿತು. ಹುಳುಕು ಹಲ್ಲು, ಬಾತ ಒಸಡು ಇದ್ದ ಆ ಎಳೆಯ ಬಾಯಿಗೆ ಹೇಗಾಗಿರಬೇಡ. ಮಗಳನ್ನು ಎಳೆದು ತಬ್ಬಿಕೊಂಡೆ, ಅವಳು ಏನಾಯಿತೆಂದು ತಿಳಿಯದೆ ನನ್ನ ಕೆಂಪಾದ ಮೂಗನ್ನೇ ನೋಡುತ್ತಿದ್ದಳು.

ನಮ್ಮ ಮನೆಯವರು ಅಷ್ಟು ಸುಲಭಕ್ಕೆ ಒಪ್ಪುವವರೇ. ತಾವೂ ಬ್ರಶ್ಶು ಬಾಯಿಗಿಟ್ಟು ಚಪ್ಪರಿಸಿ, ಏನೂ ಇಲ್ಲ, ಸಪ್ಪಗಿದೆ ಎಂದರು. ಹುಟ್ಟಿದಾಗಿನಿಂದ ಆ ಧೂಳು ಕುಡಿದವರ ನಾಲಿಗೆಗೆ ಇನ್ನೇನು ಗೊತ್ತಾಗಬೇಕು. ಮೇಲೆ ಮರ್ಯಾದೆಯ ಪ್ರಶ್ನೆ ಬೇರೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ನಮ್ಮ ಡಬ್ಬಿ ಜಾತಿಯ ಕಾಯಿ ಹತ್ತು ತಿಂದರೂ ಕೂಸು ಅಳುವುದಿಲ್ಲ ಎಂದು ನನಗೇ ಪಾಠ ಹೇಳಲು ನಿಂತರು. ಮಗಳ ಹಲ್ಲಿಗಿಂತ ಇವರಿಗೆ ಮಾರ್ಕೆಟ್ಟಿನ ಮಾನವೇ ಹೆಚ್ಚಾಯಿತಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನವರು ಮಂಚದ ಮೇಲಿಂದಲೇ ಕೇಳಿದರು.

“ಈ ವರ್ಸ ಬೆಂಕಿಯಂಥಾ ಗುಂಟೂರ ಕಾಯಿ ಬಾಳ ಬರಾಕತ್ತೈತಿ ಅಂತ ದಿನಾ ನೀನ ಹೇಳತಿದ್ಯಲ್ಲೋ. ಅದನ್ನ ಯಾರ ಮುರದ ನೋಡತಾರ?”

ಮನೆಯವರು ತಮ್ಮ ಹೆಬ್ಬೆರಳು ನೋಡಿಕೊಂಡರು. ಇನ್ನೊಮ್ಮೆ ನೋಡಿಕೊಂಡರು. ಆಮೇಲೆ ಮಗಳ ಮುಂದೆ ನೆಲದ ಮೇಲೆ ಕುಳಿತು, ತಪ್ಪಾತವ್ವಾ ಎಂದರು. ಅಷ್ಟು ದೊಡ್ಡ ಮನುಷ್ಯನ ಮುಖ ಅಷ್ಟು ಸಣ್ಣದಾದದ್ದು ಕಂಡು ನನಗೆ ನಗು ತಡೆಯಲಾಗಲಿಲ್ಲ. ಮೊದಲು ನಾನು ನಕ್ಕೆ, ನನ್ನ ಹಿಂದೆ ಮಾವನವರು, ಅವರ ಸೆಟ್ಟು ಟಕ್ ಎಂದದ್ದಕ್ಕೆ ಮಗಳು. ಉರಿಯುವ ಬಾಯಿಯಿಂದ ಅಷ್ಟು ನಕ್ಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ನಗು ಮುಗಿದ ಮೇಲೆ ಹಲ್ಲಿನ ಚಿಂತೆ ಹಾಗೇ ಉಳಿದಿತ್ತಲ್ಲ. ಯುಗಾದಿ ದೂರವಿರಲಿಲ್ಲ. ಮರುದಿನ ಡಬ್ಬಿಯಲ್ಲಿದ್ದ ಇನ್ನೊಂದು ಹೊಸ ತಲೆ ಹಾಕಿ ಬ್ರಶ್ಶನ್ನು ನನ್ನ ವಶಕ್ಕೆ ತೆಗೆದುಕೊಂಡೆ, ಮನೆಯವರು ಅದರ ಕಡೆ ಕೈ ಚಾಚಿದರೆ ನಾನು ಗುರ್ ಎನ್ನುತ್ತಿದ್ದೆ. ಮಗಳು ಈಗ ತನ್ನ ಬಾಯಿಯಲ್ಲೇ ಉಜ್ಜತೊಡಗಿದಳು, ಆದರೆ ನಕ್ಷತ್ರ ಎರಡರ ಮೇಲೆ ಏರಲಿಲ್ಲ. ಬಲಗಡೆ ಕೆಳಗಿನ ಮೂಲೆ ಪ್ರತಿ ಸಲವೂ ಕತ್ತಲು. ಬೇಕಾದ ಹಲ್ಲು ಇರುವುದೇ ಅಲ್ಲಿ. ಖಾರವಿಲ್ಲದಿದ್ದರೂ ಅವಳಿಗೆ ಅಲ್ಲಿ ಹೆದರಿಕೆ ಕೂತುಬಿಟ್ಟಿತ್ತು, ಬ್ರಶ್ಶು ಅಲ್ಲಿಗೆ ಹೋಗುವ ಮೊದಲೇ ಹೊರಗೆ ಬರುತ್ತಿತ್ತು. ನಾನು ಹಿಡಿದು ಉಜ್ಜಿಸಲು ಹೋದರೆ ಬಾಯಿ ಬಿಗಿ. ಗದರಿದರೆ ಇನ್ನೂ ಬಿಗಿ. ಮೊಬೈಲಿನ ಆ ಕತ್ತಲ ಮೂಲೆ ನೋಡಿದಾಗೆಲ್ಲ ನಾನು ಕ್ಯಾಲೆಂಡರಿನ ಮುಂದೆ ನಿಂತು ಯುಗಾದಿಗೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ. ನಕ್ಷತ್ರ ಎರಡೇ ಇದ್ದರೂ ಅವು ಅವಳವೇ ಎಂಬುದೊಂದೇ ಸಮಾಧಾನ.

ದಾರಿ ತೋರಿಸಿದ್ದು ಮತ್ತೆ ಮಾವನವರೇ. ಅವರು ಅಂಗಡಿಯಿಂದ ತಮಗೊಂದು ಸಾದಾ ಬ್ರಶ್ಶು ತರಿಸಿಕೊಂಡು, ಮೊಮ್ಮಗಳ ಪಕ್ಕ ಕಲ್ಲಿನ ಮೇಲೆ ಕುಳಿತು, ಕೆಳಗಿನ ಸೆಟ್ಟು ಕೈಯಲ್ಲಿ ಹಿಡಿದು ತೋರಿಸತೊಡಗಿದರು. ನೋಡವ್ವಾ, ನಿನ್ನ ಹಲ್ಲು ಇಲ್ಲಿ ಕುಂತೈತಿ, ಈ ಕಟ್ಟಕಡೆಯದು, ಬ್ರಶ್ಶು ಹಿಂಗ ಒಳಗ ಹೋಗಬೇಕು, ಗಲ್ಲ ಸ್ವಲ್ಪ ದೂರ ಸರಿಸಿಕೋ. ಬಾಯಿಯೊಳಗೆ ಕಾಣದ ಹಲ್ಲು ಅಜ್ಜನ ಅಂಗೈಯಲ್ಲಿ ಕಂಡದ್ದೇ ತಡ, ಅವಳ ಹೆದರಿಕೆ ಇಳಿಯಿತು. ಅಜ್ಜ ಅಲ್ಲಿ ಉಜ್ಜಿದರೆ ಇವಳು ಇಲ್ಲಿ. ಮೊಬೈಲ್ ಹಿಡಿಯುವ ಕೆಲಸ ಮಾತ್ರ ಮನೆಯವರಿಗೆ ಸಿಕ್ಕಿತು. ಮೂವರೂ ಬಚ್ಚಲಲ್ಲಿ ಕೂಡಿದರೆ ಸಂತೆಯೇ. ಒಂದು ಬೆಳಿಗ್ಗೆ ನಾನು ರೊಚ್ಚಿನಿಂದ ಚಹಾ ಆರಿ ಹೋಯಿತು ಎಂದು ಕೂಗುತ್ತಿರುವಾಗ ಒಳಗಿನಿಂದ ಗಂಟೆಯ ಸದ್ದು ಬಂತು. ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಓಡಿದೆ. ಬಾಯಿ ತೆರೆಸಿ ನೋಡಿದೆ, ಆ ಕಡೆಯ ಹಲ್ಲಿಗೆ ಪೇಸ್ಟಿನ ನೊರೆ ಹತ್ತಿತ್ತು. ಐದು ನಕ್ಷತ್ರ ಅಂದರೆ ಐದು ನಕ್ಷತ್ರ. ಈ ಸಲ ನಾನು ಯಾವ ಗ್ರೂಪಿಗೂ ಹಾಕಲಿಲ್ಲ.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ರಾಣೆಬೆನ್ನೂರಿಗೆ ಹೊರಟೆವು. ತಾವು ಬರದಿದ್ದರೆ ಕೂಸು ಬಾಯಿ ತೆರೆಯುವುದಿಲ್ಲ ಎಂದು ಮಾವನವರೂ ಹೊರಟರು. ಅಂಗಡಿ ಬಿಟ್ಟು ಮನೆಯವರೂ ಬಂದರು. ಡಾಕ್ಟರಮ್ಮನ ಕುರ್ಚಿಯ ಸುತ್ತ ನಾವು ಮೂವರೂ ನಿಂತೆವು. ಮನೆಯವರು ಮೊಬೈಲ್ ತೆಗೆದು ನಕ್ಷತ್ರ ತೋರಿಸಲು ಹೋದರೆ ಡಾಕ್ಟರಮ್ಮ ಅದರ ಕಡೆ ನೋಡದೆ, ಮಗಳಿಗೆ ಬಾಯಿ ತೆಗೆದು ‘ಆ’ ಅನ್ನಮ್ಮಾ ಎಂದರು. ಅವಳು ದೊಡ್ಡದಾಗಿ ಬಾಯಿ ತೆರೆದಳು. ಕನ್ನಡಿ ಒಳಗೆ ಹೋಯಿತು. ಸಣ್ಣ ಕೊಕ್ಕೆಯಿಂದ ಕೆರೆಯುವ ಸದ್ದು ಬಂತು. ಅವರು ಇನ್ನೊಮ್ಮೆ ಕೆರೆದರು, ಲೈಟು ಸರಿಸಿ ನೋಡಿದರು.

“ಒಸಡು ಇಳದೈತಿ. ಕಲೆ ಒಳಗ ಇಳದಿಲ್ಲ, ಅಲ್ಲೇ ನಿಂತೈತಿ. ಉಳೀತು ಬಿಡ್ರಿ, ಈಗ ತುಂಬತೇನಿ” ಎಂದರು.

ಕನ್ನಡಿ ಹಿಡಿದಿದ್ದ ಡಾಕ್ಟರಮ್ಮನ ಕೈಯನ್ನೇ ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇಷ್ಟು ಚೆನ್ನಾಗಿ ಉಜ್ಜಲು ಯಾರು ಕಲಿಸಿದರು ಎಂದು ಡಾಕ್ಟರಮ್ಮ ಕೇಳಿದರು. ಅಜ್ಜ, ತಮ್ಮ ಹಲ್ಲು ಕೈಯಾಗ ಹಿಡ್ಕೊಂಡು ಕಲಿಸ್ಯಾರ ಎಂದು ಮಗಳು ಹೇಳಿದಳು. ಡಾಕ್ಟರಮ್ಮನಿಗೆ ನಗು ತಡೆಯಲಾಗದೆ ಮುಖದ ಮಾಸ್ಕು ಕೆಳಗೆ ಜಾರಿತು. ಮಾವನವರು ಮಾತ್ರ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು.

ಮರುದಿನ ಮಧ್ಯಾಹ್ನ ಊಟಕ್ಕೆ ಜೋಳದ ಖಡಕ್ ರೊಟ್ಟಿ, ಬದನೆಕಾಯಿ ಪಲ್ಲೆ. ಖಡಕ್ ರೊಟ್ಟಿಯನ್ನು ಮಾವನವರು ಮೊಸರಿನಲ್ಲಿ ನೆನೆಸಿಯೇ ಉಣ್ಣುವುದು, ಆ ಸಡಿಲ ಸೆಟ್ಟಿಗೆ ಅದು ಬಗ್ಗುವುದಿಲ್ಲ. ಮಗಳು ಅವರ ಪಕ್ಕ ಕುಳಿತು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮೊದಲು ರೂಢಿಯಂತೆ ಎಡಗಡೆ ಇಟ್ಟುಕೊಂಡಳು. ಏನೋ ಯೋಚಿಸಿ ನಾಲಿಗೆಯಿಂದ ಬಲಗಡೆಗೆ ಸರಿಸಿ ಕಡಿದಳು. ಕಟಂ ಎಂದು ಸದ್ದಾಯಿತು. ನೋವಾಗಲಿಲ್ಲವೆಂದು ಅವಳ ಕಣ್ಣು ಅಗಲವಾದವು.

ಮಾವನವರ ಕೈ ಮೊಸರಿನ ಬಟ್ಟಲಲ್ಲೇ ನಿಂತಿತು. “ಇನ್ನೊಮ್ಮೆ ಕಡಿಯವ್ವಾ, ಕೇಳತೇನಿ” ಎಂದರು.

ಅವಳು ಇನ್ನೊಮ್ಮೆ ಕಡಿದಳು. ಮತ್ತೊಮ್ಮೆ ಕಡಿದಳು. ಅವಳ ರೊಟ್ಟಿ ಮುಗಿಯಿತು. ಮಾವನವರು ತಮ್ಮ ತಾಟಿನಲ್ಲಿ ಇನ್ನೂ ನೆನೆಸದೆ ಉಳಿದಿದ್ದ ರೊಟ್ಟಿಯನ್ನು ಎತ್ತಿ ಅವಳ ಕೈಗೆ ಕೊಟ್ಟು, ನಂದೂ ನೀನ ಕಡಿ ಎಂದು ಹೇಳಿ, ಕಿವಿಯನ್ನು ಅವಳ ಗಲ್ಲದ ಹತ್ತಿರ ತಂದು ಕೂತರು.